ಕ್ಯಾನಿನ ಜೊತೆ ಕಾಗದವೂ ಹೋಗಬೇಕು: ಪುಣೆಯಲ್ಲಿ ಹಸಿ ಹಾಲು ಮಾರುವ ನನ್ನ ಅನುಭವ

ಪುಣೆಯ ಪೂರ್ವಕ್ಕೆ, ಥೇವೂರಿನ ಆಚೆ ನನ್ನ ಗೋಠಾ, ಅಂದರೆ ದನದ ಕೊಟ್ಟಿಗೆ, ಇದೆ. ನಾನು ಅಥಣಿ ಕಡೆಯವನು. ಹಸುಗಳು ಹತ್ತರೊಳಗೆ, ಹೆಚ್ಚಿನವು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಎರಡು ಗೀರ್ ಎಂಬ ದೇಸಿ ತಳಿ. ಬೆಳಗಿನ ಹಾಲು ಊರಿನ ಸಹಕಾರಿ ಸಂಘಕ್ಕೆ ಹೋಗುತ್ತದೆ, ಸಂಜೆಯ ಹಾಲು ಹಡಪಸರದ ಮನೆಗಳಿಗೆ ರತೀಬಿನ ಮೇಲೆ, ಅಂದರೆ ದಿನವಹಿ ವರ್ತನೆಯಾಗಿ, ಹೋಗುತ್ತದೆ. ಆ ಮನೆಗಳಲ್ಲಿ ಬಹುಪಾಲು ನಮ್ಮವರೇ: ವಿಜಯಪುರದವರು, ಕಲಬುರಗಿಯವರು, ಧಾರವಾಡದವರು. ಊರಿನಿಂದ ಬಂದು ಇಲ್ಲಿ ಹೊಸದಾಗಿ ಎರಡು ಹಸು ಕಟ್ಟುವ ಹುಡುಗರು ನನ್ನ ಬಳಿ ಬಂದಾಗ ಮೇವಿನ ದರಕ್ಕಿಂತ ಮೊದಲು ಕೇಳುವುದು ಇದನ್ನೇ: "ಕಾಕಾ, ಕಾಯಿಸದ ಹಾಲು ಮಾರಿದರೆ ಕೇಸು ಆಗುತ್ತದೆಯೇ?"

ಮಾರಿದ ಮಾತ್ರಕ್ಕೆ ಆಗುವುದಿಲ್ಲ. ಕೆನಡಾದಲ್ಲಿ 1991ರಿಂದ ಹಸಿ ಹಾಲಿನ ಮಾರಾಟಕ್ಕೆ ನಿಷೇಧವಿದೆ. ಅಮೆರಿಕದಲ್ಲಿ 1987ರಿಂದ ಅದನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ದು ಮಾರುವಂತಿಲ್ಲ. ನಮ್ಮಲ್ಲಿ ಅಂಥ ನಿಷೇಧವಿಲ್ಲ. ಪುಣೆಯ ಗಣೇಶ ಪೇಠೆಯ ದೂಧ್ ಭಟ್ಟಿಯಲ್ಲಿ ಬಿಡಿ ಹಾಲಿನ ವ್ಯಾಪಾರ ಹಗಲು ಬೆಳಕಿನಲ್ಲೇ ನಡೆಯುತ್ತದೆ. ನಮ್ಮಂಥವರು ಸಿಕ್ಕಿಬೀಳುವುದು ಬೇರೆ ಕಡೆ. ಹಾಲು ಚೆನ್ನಾಗಿದ್ದೂ ಅದು ಚೆನ್ನಾಗಿತ್ತು ಎಂದು ತೋರಿಸುವ ಕಾಗದ ಕೈಯಲ್ಲಿ ಇರುವುದಿಲ್ಲ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 18ನೇ ಕಲಮಿನಲ್ಲಿ ರೈತನಿಗೆ, ಅವನ ಜಾನುವಾರುಗಳಿಗೆ ಕಾಯ್ದೆ ಅನ್ವಯಿಸದು ಎಂಬ ಮಾತಿದೆ. ಅದನ್ನು ಓದಿ ಬಹಳ ಜನ ನಿಶ್ಚಿಂತರಾಗುತ್ತಾರೆ. ಆ ರಕ್ಷಣೆ ಹೊಲ-ಕೊಟ್ಟಿಗೆಯ ಮಟ್ಟದ್ದು. ಮನೆಮನೆಗೆ ಕ್ಯಾನ್ ಒಯ್ದು ಮಾರುವಾಗ ನಾವು ವ್ಯಾಪಾರಿಗಳೂ ಹೌದು. 2011ರ ಪರವಾನಗಿ ನಿಯಮಗಳಲ್ಲಿ ನೋಂದಣಿಯಿಂದ ವಿನಾಯಿತಿ ಇರುವುದು ಸಹಕಾರಿ ಸಂಘದ ಸದಸ್ಯನಾಗಿ ತನ್ನ ಎಲ್ಲ ಹಾಲನ್ನೂ ಸಂಘಕ್ಕೇ ಹಾಕುವವನಿಗೆ. "ಎಲ್ಲ" ಎಂಬುದನ್ನು ಗಮನಿಸಬೇಕು. ಅರ್ಧ ಸಂಘಕ್ಕೆ, ಅರ್ಧ ಮನೆಗಳಿಗೆ ಹಾಕುವ ನನ್ನಂಥವನು ಆ ವಿನಾಯಿತಿಯೊಳಗೆ ಬರುವುದಿಲ್ಲ. ಅದಕ್ಕಾಗಿಯೇ ಮನೆಗಳಿಗೆ ಹಾಲು ಹಾಕಲು ತೊಡಗುವ ಮೊದಲು ನೋಂದಣಿ ಮಾಡಿಸಿದೆ. ನಾನು ಮಾಡಿಸಿದಾಗ ದಿನಕ್ಕೆ 500 ಲೀಟರಿನೊಳಗಿನ ಹಾಲಿಗೆ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಗುರುತಿನ ಚೀಟಿ, ಫೋಟೋ, ಆನ್‌ಲೈನ್ ಅರ್ಜಿ, ಅಷ್ಟೇ ಕೆಲಸ. ಇಷ್ಟು ಅಗ್ಗದ ಕಾಗದವನ್ನು ಮಾಡಿಸದೆ ಎಷ್ಟೋ ಜನ ವರ್ಷಗಟ್ಟಲೆ ಹೆದರಿಕೊಂಡು ಹಾಲು ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನಿಜವಾದ ಭಯ ಎಸ್‌ಎನ್‌ಎಫ್‌ನದು, ಅಂದರೆ ಹಾಲಿನಲ್ಲಿ ಕೊಬ್ಬು, ನೀರು ಬಿಟ್ಟು ಉಳಿಯುವ ಘನಾಂಶದ್ದು. ಆಕಳ ಹಾಲಿನಲ್ಲಿ ಕೊಬ್ಬು ಶೇ. 3.2, ಎಸ್‌ಎನ್‌ಎಫ್ ಶೇ. 8.3 ಇರಲೇಬೇಕು. ಎಚ್‌ಎಫ್ ಮಿಶ್ರತಳಿ ಹಸು ವೈಶಾಖದ ಸೆಖೆಯಲ್ಲಿ ಮೇವು ಬಿಟ್ಟು ನಿಂತರೆ, ಒಂದು ಹನಿ ನೀರು ಸೇರಿಸದಿದ್ದರೂ ಎಸ್‌ಎನ್‌ಎಫ್ ಅದಕ್ಕಿಂತ ಕೆಳಗಿಳಿಯಬಹುದು. ಆಗ ಅದು ಕಾಯ್ದೆಯ ಪ್ರಕಾರ ಕಳಪೆ ಗುಣಮಟ್ಟದ ಆಹಾರ. 51ನೇ ಕಲಮಿನಡಿ ದಂಡ 5 ಲಕ್ಷ ರೂಪಾಯಿವರೆಗೆ ಹೋಗಬಹುದು. ಹಳೆಯ 1954ರ ಕಲಬೆರಕೆ ಕಾಯ್ದೆಯಲ್ಲಿ ಜೈಲೇ ಇತ್ತು. ಉತ್ತರ ಪ್ರದೇಶದ ಹಾಲು ಮಾರುವವರೊಬ್ಬರಿಂದ 1995ರಲ್ಲಿ ತೆಗೆದ ಮಾದರಿಯಲ್ಲಿ ಕೊಬ್ಬು 4.6 ಇತ್ತು, ಎಸ್‌ಎನ್‌ಎಫ್ 7.7 ಇತ್ತು, ಆಗ ಬೇಕಿದ್ದದ್ದು 8.5. ಆ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2019ರಲ್ಲಿ. ಅಳತೆ ಅಲ್ಪವೇ ಕಡಿಮೆಯಾದರೂ, ಕುಡಿದವರಿಗೆ ಹಾನಿಯಿಲ್ಲದಿದ್ದರೂ ಅದು ಕಲಬೆರಕೆಯೇ ಎಂದು ನ್ಯಾಯಾಲಯ ಹೇಳಿತು. ಇಪ್ಪತ್ನಾಲ್ಕು ವರ್ಷ! ಕೊಟ್ಟಿಗೆ ನಡೆಸುವ ಯಾವ ಮನೆ ಅಷ್ಟು ಕಾಲ ವಕೀಲರ ಬಾಗಿಲು ಕಾಯಬಲ್ಲದು?

ಇದಕ್ಕೆ ನಾನು ಕಂಡುಕೊಂಡ ದಾರಿ ಸಂಘದ ಚೀಟಿ. ಬೆಳಗ್ಗೆ ಹಾಲು ಹಾಕಿದಾಗ ಯಂತ್ರವು ಫ್ಯಾಟ್, ಎಸ್‌ಎನ್‌ಎಫ್ ಅಳೆದು ಚೀಟಿ ಕೊಡುತ್ತದೆ. ಎಲ್ಲರೂ ಅದರಲ್ಲಿ ದರ ನೋಡಿ ಎಸೆಯುತ್ತಾರೆ. ನಾನು ದಿನಾಂಕದ ಪ್ರಕಾರ ವಹಿಯಲ್ಲಿ ಅಂಟಿಸುತ್ತೇನೆ. ನನ್ನ ಹಸುಗಳ ಹಾಲು ಯಾವ ತಿಂಗಳಲ್ಲಿ ಎಷ್ಟಕ್ಕೆ ನಿಲ್ಲುತ್ತದೆ ಎಂಬುದಕ್ಕೆ ಅದು ಹೊರಗಿನವರು ಬರೆದ ಸಾಕ್ಷಿ. ಅದಿದ್ದರೆ ದಂಡ ತಪ್ಪಿಯೇ ತಪ್ಪುತ್ತದೆ ಎಂದಲ್ಲ. ಆದರೆ ದಂಡ ನಿಗದಿ ಮಾಡುವಾಗ ಗಳಿಸಿದ ಅನುಚಿತ ಲಾಭ, ತಪ್ಪು ಮರುಕಳಿಸಿದೆಯೇ, ತಿಳಿಯದೆ ಆಯಿತೇ ಎಂಬುದನ್ನೆಲ್ಲ ನೋಡಬೇಕೆಂದು 49ನೇ ಕಲಮು ಹೇಳುತ್ತದೆ. ಅಲ್ಲಿ ಆ ವಹಿ ಮಾತನಾಡುತ್ತದೆ. ಚೀಟಿಯ ಅಂಕಿ 8.4ಕ್ಕೆ ಇಳಿದ ಕೂಡಲೇ ಒಣಮೇವು, ಖನಿಜ ಮಿಶ್ರಣ, ನೆರಳು ಇವುಗಳ ಕಡೆ ಗಮನ ಕೊಡುತ್ತೇನೆ. ಒಂದು ಹಸುವಿನ ಕಡಿಮೆ ಅಂಕಿ ಉಳಿದವುಗಳಲ್ಲಿ ಸರಿದೂಗಲೆಂದು ಎಲ್ಲ ಹಸುಗಳ ಹಾಲನ್ನು ಒಂದೇ ಕ್ಯಾನಿನಲ್ಲಿ ಕೂಡಿಸಿಯೇ ಮನೆಗಳಿಗೆ ಒಯ್ಯುತ್ತೇನೆ.

ಆಹಾರ ಸುರಕ್ಷಾ ಅಧಿಕಾರಿ ನನ್ನ ಕ್ಯಾನಿನಿಂದಲೂ ಮಾದರಿ ತೆಗೆದಿದ್ದಾರೆ. ಆ ಹೊತ್ತಿನಲ್ಲಿ ಏನೇನು ನೋಡಬೇಕೆಂದು ಮೊದಲೇ ತಿಳಿದಿದ್ದರೆ ಕೈ ನಡುಗುವುದಿಲ್ಲ. ಮೊದಲು ಗುರುತಿನ ಚೀಟಿ ತೋರಿಸಿ ಎಂದು ವಿನಯದಿಂದ ಕೇಳಿದೆ. ಅಧಿಕಾರಿಯ ಸೋಗಿನಲ್ಲಿ ಬಂದು ಹಣ ಕೀಳುವವರೂ ಇರುತ್ತಾರೆ. ಮಾದರಿ ತೆಗೆಯುವ ಮೊದಲು ಲಿಖಿತ ನೋಟಿಸು ಕೊಡಬೇಕು. ಹಾಲನ್ನು ಚೆನ್ನಾಗಿ ಕಲಕಿಯೇ ತೆಗೆಯಬೇಕು. ಮೇಲಿನ ಕೆನೆಭಾಗವೋ ತಳದ ತೆಳುಭಾಗವೋ ಮಾತ್ರ ಹೋದರೆ ಅಂಕಿಗಳೇ ಬದಲಾಗುತ್ತವೆ. ಮಾದರಿಯನ್ನು ನಾಲ್ಕು ಪಾಲು ಮಾಡಿ ಮೊಹರು ಹಾಕುತ್ತಾರೆ, ಕೆಡದಂತೆ ಫಾರ್ಮಲಿನ್ ಬೆರೆಸುತ್ತಾರೆ, ತೆಗೆದ ಹಾಲಿನ ಬೆಲೆಯನ್ನೂ ನಮಗೆ ಕೊಡುತ್ತಾರೆ. ಒಂದು ಪಾಲು ಸರ್ಕಾರಿ ವಿಶ್ಲೇಷಕರಿಗೆ, ಎರಡು ಪಾಲು ಅವರ ಮೇಲಿನ ನಿಯೋಜಿತ ಅಧಿಕಾರಿಗೆ (ಡೆಸಿಗ್ನೇಟೆಡ್ ಆಫೀಸರ್). ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳುವ ಹಕ್ಕು ನಮ್ಮದು, ಖರ್ಚೂ ನಮ್ಮದು. ನಾನು ಅಲ್ಲೇ ನಿಂತು ಆ ಕೋರಿಕೆಯನ್ನು ಕನ್ನಡದಲ್ಲಿ ಬರೆದುಕೊಡಲೇ ಎಂದು ಕೇಳಿದೆ, ಅವರು ಮರಾಠಿಯಲ್ಲಿ ಬರೆಯಿರಿ ಎಂದರು, ನೆರೆಯ ಹುಡುಗನಿಂದ ಬರೆಸಿ ಸಹಿ ಮಾಡಿದೆ. ವಿಶ್ಲೇಷಕರ ವರದಿ 14 ದಿನಗಳಲ್ಲಿ ಬರಬೇಕು. ಅದು ನಮಗೆ ವಿರುದ್ಧವಾಗಿದ್ದರೆ ಮೇಲ್ಮನವಿಗೆ ಇರುವುದು 30 ದಿನ. ಓದಲು ಬಾರದ ಭಾಷೆಯ ಲಕೋಟೆಯನ್ನು ದೇವರ ಗೂಡಿನಲ್ಲಿ ಇಟ್ಟು ಸುಮ್ಮನಿದ್ದರೆ ಆ 30 ದಿನ ಹೋದದ್ದೇ ತಿಳಿಯುವುದಿಲ್ಲ. ಆದ್ದರಿಂದ ನಮ್ಮ ಹುಡುಗರಿಗೆ ಹೇಳುತ್ತೇನೆ, ಯಾವ ಕಾಗದ ಬಂದರೂ ಅಂದೇ ಓದಿಸಿಕೊಳ್ಳಿ. ನನ್ನ ಮಾದರಿ ಪಾಸಾಯಿತು. ಆ ವರದಿಯೂ ವಹಿಯಲ್ಲಿದೆ.

ಇನ್ನೊಂದು ಅಪಾಯ ಬಾಯಿಂದ ಬರುವುದು. ಗೀರ್ ಹಸು ಇದೆ ಎಂದ ಕೂಡಲೇ "ಎ2 ಹಾಲು, ಸಕ್ಕರೆ ಕಾಯಿಲೆಗೆ ಮದ್ದು" ಎಂದು ವಾಟ್ಸಾಪಿನಲ್ಲಿ ಚಿತ್ರ ಮಾಡಿ ಹಂಚುವವರಿದ್ದಾರೆ. ಎ1, ಎ2 ಎಂಬುವು ಹಾಲಿನ ಪ್ರೋಟೀನಿನ ಎರಡು ಬಗೆಗಳ ಹೆಸರು. ಇಂಟರ್ನೆಟ್ಟಿನಲ್ಲಿ ಹಾಕಿದ್ದೂ ಕಾಯ್ದೆಯ ಲೆಕ್ಕದಲ್ಲಿ ಜಾಹೀರಾತೇ. ದಾರಿತಪ್ಪಿಸುವ ಜಾಹೀರಾತಿಗೆ ದಂಡ 10 ಲಕ್ಷದವರೆಗೆ. 2024ರ ಆಗಸ್ಟ್ 21ರಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು (ಎಫ್‌ಎಸ್‌ಎಸ್‌ಎಐ) ಎ1, ಎ2 ಎಂಬ ಹೆಸರುಗಳನ್ನು ಪೊಟ್ಟಣಗಳಿಂದ ತೆಗೆಯಲು ಹೇಳಿ, 26ರಂದು ಆ ಸೂಚನೆಯನ್ನು ಹಿಂದಕ್ಕೆ ಪಡೆಯಿತು. ದೊಡ್ಡ ಕಂಪನಿಗಳಿಗೆ ಇಂಥದ್ದನ್ನು ನೋಡಿಕೊಳ್ಳಲು ಜನರಿದ್ದಾರೆ, ನಮಗಿಲ್ಲ. ನನ್ನ ಕ್ಯಾನಿನ ಮೇಲೆ "ಆಕಳ ಹಾಲು", ನೋಂದಣಿ ಸಂಖ್ಯೆ, "ಕಾಯಿಸಿಯೇ ಕುಡಿಯಿರಿ" ಇಷ್ಟೇ ಇದೆ.

ಆ ಕೊನೆಯ ಮಾತಿನಲ್ಲಿ ನಾನು ಯಾರ ಮುಲಾಜಿಗೂ ಬಗ್ಗುವುದಿಲ್ಲ. ಧಾರವಾಡದ ಅಜ್ಜಿಯೊಬ್ಬರು ಮೊಮ್ಮಗನಿಗೆ ಕರೆದ ಹಾಲನ್ನು ಹಾಗೆಯೇ ಕುಡಿಸಬೇಕೆಂದರು. "ಅಜ್ಜಿ, ಕಂದು ಹಾಕುವ ರೋಗವೂ (ಬ್ರುಸೆಲ್ಲಾ) ಕ್ಷಯವೂ ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತವೆ, ಕಾಯಿಸುವುದಿಲ್ಲವೆಂದರೆ ನಾನು ಹಾಲು ಹಾಕುವುದಿಲ್ಲ" ಎಂದೆ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ ಹಾಕಿಸಿದ ದಾಖಲೆ, ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ದಿನ, ಎಷ್ಟು ದಿನ ಆ ಹಸುವಿನ ಹಾಲು ಮಾರಬಾರದೆಂದು ಪಶುವೈದ್ಯರು ಬರೆದ ಚೀಟಿ, ಇವೂ ಅದೇ ವಹಿಯಲ್ಲಿವೆ.

ವಹಿಗೆ ಸಿಗದ ಒಂದು ವಿಷಯ ಉಳಿದಿದೆ. 2018ರಲ್ಲಿ ಪ್ರಾಧಿಕಾರ ದೇಶದಾದ್ಯಂತ ಪರೀಕ್ಷಿಸಿದ 6,432 ಮಾದರಿಗಳಲ್ಲಿ ಶೇ. 5.7ರಲ್ಲಿ ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿತ್ತು. ಅದು ಬೂಷ್ಟು ಹಿಡಿದ ಹಿಂಡಿ, ಮೆಕ್ಕೆಜೋಳದಿಂದ ಬರುವ ವಿಷ. ಕಾಯಿಸಿದರೂ ಹೋಗುವುದಿಲ್ಲ, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರಿಗೂ ಸಂಘದ ಯಂತ್ರಕ್ಕೂ ಕಾಣಿಸುವುದಿಲ್ಲ. ಒಬ್ಬೊಬ್ಬರಾಗಿ ಪ್ರಯೋಗಾಲಯದ ಖರ್ಚು ಹೊರಲು ನಮ್ಮಿಂದಾಗದು. ಈ ಮಳೆಗಾಲಕ್ಕೆ ಮೊದಲು ಸುತ್ತಲಿನ ನಾಲ್ಕಾರು ಗೋಠಾದವರು ಕೂಡಿ ಹತ್ತಿಕಾಳಿನ ಹಿಂಡಿಯನ್ನು ಒಂದೇ ಲಾಟಿನಲ್ಲಿ ಕೊಂಡು, ಅದರ ಮಾದರಿಯನ್ನು ಪರೀಕ್ಷೆಗೆ ಕಳಿಸುವುದೆಂದು ಮಾತಾಡಿಕೊಂಡಿದ್ದೇವೆ. ಸಂಘವೂ ಖರ್ಚಿನಲ್ಲಿ ಪಾಲು ಹಾಕಲಿ ಎಂದು ಅರ್ಜಿ ಕೊಟ್ಟಿದ್ದೇನೆ.