ಅರೀನಾಕ್ಕೆ ಹೊರಟಿದ್ದೀರಾ? ವಾಪಸ್ ಬರುವ ದಾರಿ ಮೊದಲು ನೋಡಿ

ನಗರದ ನಡುಮಧ್ಯೆ ಇರುವ ಅರೀನಾದಲ್ಲಿ, ಅಂದರೆ ಚಾವಣಿ ಇರುವ ದೊಡ್ಡ ಒಳಾಂಗಣ ಕ್ರೀಡಾಂಗಣದಲ್ಲಿ, ಮ್ಯಾಚ್ ಅಥವಾ ಸಂಗೀತ ಕಾರ್ಯಕ್ರಮ ಇದೆ ಅಂದರೆ ಹೆಚ್ಚಿನವರು ಮೊದಲು ಟಿಕೆಟ್ ಹುಡುಕುತ್ತಾರೆ. ನಾನು ಮೊದಲು ನೋಡುವುದು ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ.

ಒಳಗೆ ಹೋಗುವಾಗ ಜನ ಗಂಟೆ, ಒಂದೂವರೆ ಗಂಟೆಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಬರುತ್ತಾರೆ. ಹೊರಗೆ ಬರುವಾಗ ಎಲ್ಲರೂ ಒಟ್ಟಿಗೆ ಏಳುತ್ತಾರೆ. ದೊಡ್ಡ ಅರೀನಾದಲ್ಲಿ 15,000ದಿಂದ 20,000 ಜನ ಇರುತ್ತಾರೆ. ಅಷ್ಟೂ ಜನ ಒಂದೇ ಸಲಕ್ಕೆ ಅದೇ ನಾಲ್ಕು ಬೀದಿಗಳಿಗೆ ಇಳಿಯುತ್ತಾರೆ. ಒಮ್ಮೆ ನಾನು ಇದನ್ನು ಯೋಚಿಸದೆ ಹೋಗಿದ್ದೆ. ಕಾಯುತ್ತಿದ್ದ ಹಾಡು ಕೊನೆಗೆ ಬಂತು. ಅದನ್ನು ಗಡಿಯಾರ ನೋಡುತ್ತಲೇ ಕೇಳಿದೆ. ರೈಲೂ ತಪ್ಪಿತು, ಹಾಡೂ ಮನಸ್ಸಿಗೆ ಇಳಿಯಲಿಲ್ಲ. ಅವತ್ತಿನಿಂದ ನನ್ನ ಕ್ರಮ ಇದು.

ಮೊದಲು: ಮನೆಗೆ ಬರುವುದು ಹೇಗೆ?

ಕೊನೆಯ ರೈಲು ಅಥವಾ ಬಸ್ಸಿನ ಸಮಯ ಬರೆದಿಟ್ಟುಕೊಳ್ಳಿ. ರಜೆ ದಿನ, ಭಾನುವಾರ ಸಮಯ ಬೇರೆ ಇರಬಹುದು. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಇನ್ನೊಂದು ಮುಕ್ಕಾಲು ಗಂಟೆ ಸೇರಿಸಿ. ಆಗಲೂ ರೈಲು ಸಿಗುತ್ತದೆ ಅಂದರೆ ಆರಾಮಾಗಿ ಹೋಗಿ.

ಮುಗಿಯುವ ಹೊತ್ತು ಎಷ್ಟು ಅಂತ ಟಿಕೆಟ್ ಮೇಲೆ ಇರುವುದಿಲ್ಲ, ಅಲ್ವಾ? ಅಂದಾಜು ಮಾಡಬಹುದು. ಅಮೆರಿಕದ ಎನ್‌ಬಿಎ ಲೀಗಿನ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ 12 ನಿಮಿಷಗಳ 4 ಕ್ವಾರ್ಟರ್. ಲೆಕ್ಕಕ್ಕೆ 48 ನಿಮಿಷ ಆದರೂ ಗಡಿಯಾರ ಪದೇ ಪದೇ ನಿಲ್ಲುವುದರಿಂದ ಎರಡೂಕಾಲು ಗಂಟೆಯಾದರೂ ಹಿಡಿಯುತ್ತದೆ. ಐಸ್ ಹಾಕಿಯಲ್ಲಿ 20 ನಿಮಿಷಗಳ 3 ಭಾಗ, ನಡುವೆ ಎರಡು ದೊಡ್ಡ ವಿರಾಮ. ಅದಕ್ಕೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಸಂಗೀತ ಕಾರ್ಯಕ್ರಮದಲ್ಲಿ ಟಿಕೆಟ್ ಮೇಲಿನ ಸಮಯಕ್ಕೆ ಮುಖ್ಯ ಕಲಾವಿದರು ಬರುವುದು ಅಪರೂಪ. ಮೊದಲು ಬೇರೆ ತಂಡ ಹಾಡುತ್ತದೆ. ಆಮೇಲೆ ವೇದಿಕೆ ಬದಲಿಸಲು ಸುಮಾರು ಅರ್ಧ ಗಂಟೆ.

ಕಾರು ತರುವ ಯೋಚನೆ ಇದ್ದರೆ ಬಿಟ್ಟುಬಿಡಿ ಎನ್ನುತ್ತೇನೆ. ಇಂಥ ಅರೀನಾಗಳನ್ನು ನಗರದ ನಡುವೆ ಕಟ್ಟುವುದೇ ರೈಲು, ಬಸ್ಸು ಹತ್ತಿರ ಇರಲಿ ಅಂತ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಇರುವುದು ಪೆನ್ ಸ್ಟೇಷನ್ ಎಂಬ ದೊಡ್ಡ ರೈಲು ನಿಲ್ದಾಣದ ಮೇಲೆಯೇ. 1968ರಿಂದ ಜನ ರೈಲು ಇಳಿದು, ಮೆಟ್ಟಿಲು ಹತ್ತಿ ಆಟ ನೋಡುತ್ತಿದ್ದಾರೆ. ಕಾರು ಬೇಕೇ ಬೇಕು ಎಂದಾದರೆ ಎರಡು ಮೂರು ಸ್ಟೇಷನ್ ಆಚೆ ನಿಲ್ಲಿಸಿ, ಅಲ್ಲಿಂದ ರೈಲಿನಲ್ಲಿ ಬನ್ನಿ.

ಆಮೇಲೆ: ಸೀಟು

ಇಲ್ಲಿ ಆತುರ ಬೇಡ. ಅರೀನಾ ಒಂದು ದೊಡ್ಡ ಬಟ್ಟಲಿದ್ದಂತೆ. ತಳದಲ್ಲಿ ಅಂಕಣ, ಸುತ್ತಲೂ ಮೇಲಕ್ಕೆ ಏರುವ ಸೀಟುಗಳು. ಒಂದೇ ಸೀಟು ಒಂದು ದಿನ ಬಂಗಾರ, ಇನ್ನೊಂದು ದಿನ ಸುಮಾರು. ಬ್ಯಾಸ್ಕೆಟ್‌ಬಾಲ್ ನೋಡಲು ಅಂಕಣದ ಉದ್ದನೆಯ ಬದಿಯ ಮಧ್ಯಭಾಗ ಎಲ್ಲಕ್ಕಿಂತ ಒಳ್ಳೆಯದು. ಐಸ್ ಹಾಕಿಗೂ ಬದಿಯ ಮಧ್ಯಭಾಗವೇ ಸರಿ, ಆದರೆ ತೀರಾ ಕೆಳಗಿನ ಸಾಲು ಬೇಡ. ಅಲ್ಲಿ ಗಾಜಿನ ಗೋಡೆ, ಆಟಗಾರರ ಬೆನ್ನು ಅಡ್ಡ ಬರುತ್ತದೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ರಿಂಕ್, ಅಂದರೆ ಐಸ್ ಅಂಕಣ, ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲ. ಹತ್ತು ಹದಿನೈದು ಸಾಲು ಮೇಲೆ ಕೂತರೆ ಪಾಸ್ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಪೂರ್ತಿ ಕಾಣುತ್ತದೆ.

ಸಂಗೀತಕ್ಕೆ ಲೆಕ್ಕ ಬೇರೆ. ವೇದಿಕೆ ಸಾಮಾನ್ಯವಾಗಿ ಒಂದು ತುದಿಯಲ್ಲಿರುತ್ತದೆ. ನೆಲದ ಮೇಲಿನ ಸೀಟು ಎಲ್ಲಕ್ಕಿಂತ ದುಬಾರಿ. ಆದರೆ ಆ ನೆಲ ಸಪಾಟು. ಮುಂದಿನವರು ಎದ್ದು ನಿಂತರೆ ಅವರ ತಲೆಯನ್ನೇ ನೋಡಬೇಕು. ಮಕ್ಕಳಿದ್ದರೆ, ಕುಳ್ಳಗಿದ್ದರೆ, ಹೆಚ್ಚು ಹೊತ್ತು ನಿಲ್ಲಲು ಆಗದಿದ್ದರೆ ಕೆಳಗಿನ ಅಂತಸ್ತಿನ ಬದಿಯ ಸೀಟು ತೆಗೆದುಕೊಳ್ಳಿ. ದುಡ್ಡೂ ಕಡಿಮೆ, ನೋಟವೂ ಚೆನ್ನ.

ಒಳ್ಳೆಯ ಸದ್ದು ಬೇಕೇ? ಧ್ವನಿ ನಿಯಂತ್ರಿಸುವ ಮಿಕ್ಸರ್ ಮೇಜು ಎಲ್ಲಿದೆ ನೋಡಿ. ಅದು ಹೆಚ್ಚಾಗಿ ವೇದಿಕೆಗೆ ಎದುರಾಗಿ, ನೆಲದ ಹಿಂಭಾಗದಲ್ಲಿರುತ್ತದೆ. ಸೌಂಡ್ ಎಂಜಿನಿಯರ್ ತನ್ನ ಕಿವಿಗೆ ಚೆನ್ನಾಗಿ ಕೇಳುವಂತೆ ಎಲ್ಲವನ್ನೂ ಹೊಂದಿಸುವುದು ಅಲ್ಲಿ ಕೂತೇ. ಅದರ ಹತ್ತಿರ ಅಥವಾ ನೇರ ಹಿಂದೆ ಕೂತರೆ ಆತ ಕೇಳಿದ್ದೇ ನಿಮಗೂ ಕೇಳುತ್ತದೆ. ಎಷ್ಟೋ ಸಲ ಮುಂದಿನ ಸಾಲಿಗಿಂತ ನನಗೆ ಈ ಜಾಗವೇ ಜಾಸ್ತಿ ಹಿಡಿಸಿದೆ.

ಹಣ ಕಟ್ಟುವ ಮೊದಲು ಟಿಕೆಟ್ ವಿವರ ಪೂರ್ತಿ ಓದಿ. ನೋಟಕ್ಕೆ ಅಡ್ಡಿ ಇದೆ ಎಂಬ ಮಾತು ಸಣ್ಣ ಅಕ್ಷರದಲ್ಲಿರುತ್ತದೆ. ಅಂದರೆ ಕಂಬವೋ ಸ್ಪೀಕರ್ ಗೊಂಚಲೋ ಮುಂದೆ ಇದೆ ಅಂತ. ಮೇಲಿನ ಅಂತಸ್ತಿನ ಮೆಟ್ಟಿಲು ತುಂಬ ಕಡಿದಾಗಿರುತ್ತದೆ. ಎತ್ತರ ಕಂಡರೆ ತಲೆ ಸುತ್ತುವವರು, ಮಂಡಿ ನೋವಿರುವವರು ಆ ಕಡೆ ಹೋಗಬೇಡಿ. ಗಾಲಿಕುರ್ಚಿ ಬಳಸುವವರಿಗೆ ಬೇರೆಯೇ ಜಾಗ ಇರುತ್ತದೆ, ಪಕ್ಕದಲ್ಲಿ ಜೊತೆಗಾರರಿಗೂ ಸೀಟು ಇರುತ್ತದೆ. ಅದನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿ. ಅಂಥ ಜಾಗಗಳು ಕಡಿಮೆ, ಬೇಗ ಮುಗಿಯುತ್ತವೆ.

ಟಿಕೆಟ್ ಫೋನಿನಲ್ಲಿದೆಯೇ?

ಈಗ ಬಹಳಷ್ಟು ಟಿಕೆಟ್‌ಗಳಲ್ಲಿ ಬಾರ್‌ಕೋಡ್ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಕಳ್ಳ ಟಿಕೆಟ್ ತಡೆಯಲು ಮಾಡಿದ ಏರ್ಪಾಡು ಅದು. ಹಾಗಾಗಿ ಸ್ಕ್ರೀನ್‌ಶಾಟ್ ತೋರಿಸಿದರೆ ಒಳಗೆ ಬಿಡುವುದಿಲ್ಲ. ಗೇಟಿನ ಬಳಿ ಸಾವಿರಾರು ಫೋನುಗಳಿರುವುದರಿಂದ ನೆಟ್‌ವರ್ಕ್ ಕೈಕೊಡುತ್ತದೆ. ಮನೆಯಲ್ಲೇ ಟಿಕೆಟ್ಟನ್ನು ಫೋನಿನ ವ್ಯಾಲೆಟ್‌ಗೆ ಸೇರಿಸಿಕೊಳ್ಳಿ. ಜೊತೆಗೆ ಬರುವವರ ಟಿಕೆಟ್ ಅವರವರ ಫೋನಿಗೇ ಕಳಿಸಿ. ಒಬ್ಬರು ತಡವಾದರೆ ಎಲ್ಲರೂ ಗೇಟಿನ ಹೊರಗೆ ಕಾಯುವುದು ತಪ್ಪುತ್ತದೆ. ಫೋನ್ ಪೂರ್ತಿ ಚಾರ್ಜ್ ಇರಲಿ. ವಾಪಸ್ ಬರಲೂ ಅದೇ ಬೇಕು.

ಏನು ತರಬೇಕು, ಏನು ಬೇಡ

ಬ್ಯಾಗ್ ಬೇಡ. ನನ್ನ ಸಲಹೆ ಇಷ್ಟೇ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 2013ರಲ್ಲಿ ಪಾರದರ್ಶಕ ಬ್ಯಾಗ್ ಮಾತ್ರ ಎಂಬ ನಿಯಮ ತಂದಿತು. ಅಂಥ ನಿಯಮ ಈಗ ಎಷ್ಟೋ ಅರೀನಾಗಳಲ್ಲೂ ಇದೆ. ಅಳತೆ ಒಂದೊಂದು ಕಡೆ ಒಂದೊಂದು. ಔಷಧಿ, ಮಗುವಿನ ಸಾಮಾನು ಇದ್ದರೆ ನಿಯಮ ಏನು ಅಂತ ಮೊದಲೇ ಅರೀನಾದ ವೆಬ್‌ಸೈಟ್ ನೋಡಿ. ಲೆನ್ಸ್ ಬದಲಿಸುವ ಕ್ಯಾಮೆರಾವನ್ನು ಹೆಚ್ಚಿನ ಕಡೆ ಬಿಡುವುದಿಲ್ಲ.

ಸ್ವೆಟರ್ ಮರೆಯಬೇಡಿ. ಐಸ್ ಹಾಕಿ ತಂಡ ಇರುವ ಅರೀನಾದಲ್ಲಿ ಋತು ಪೂರ್ತಿ ಐಸ್ ಹಾಗೇ ಇರುತ್ತದೆ. ಬ್ಯಾಸ್ಕೆಟ್‌ಬಾಲ್ ಇದ್ದರೆ ಅದರ ಮೇಲೆ ತಂಪು ತಡೆಯುವ ಹಲಗೆ ಹಾಸಿ, ಅದರ ಮೇಲೆ ಮರದ ಅಂಕಣ ಜೋಡಿಸುತ್ತಾರೆ. ನೀವು ಕುರ್ಚಿ ಹಾಕಿ ಕೂತ ನೆಲದ ಕೆಳಗೂ ಐಸ್ ಇರಬಹುದು!

ಇಯರ್‌ಪ್ಲಗ್ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ. ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎಂಬುದು ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಮಿತಿ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬಂದಾಗ ಉಳಿಯುವುದು 15 ನಿಮಿಷ. ಸಂಗೀತ ಕಾರ್ಯಕ್ರಮ 100 ಮುಟ್ಟುವುದು ಸಾಮಾನ್ಯ, ನಾವು ಕೂರುವುದು ಎರಡು ಮೂರು ಗಂಟೆ. ಸಂಗೀತಕ್ಕೆಂದೇ ಮಾಡಿದ ಇಯರ್‌ಪ್ಲಗ್ ಹಾಕಿಕೊಂಡರೆ ಹಾಡು ಸ್ಪಷ್ಟವಾಗೇ ಕೇಳುತ್ತದೆ, ಜೋರು ಮಾತ್ರ ತಗ್ಗುತ್ತದೆ. ಚಿಕ್ಕ ಮಕ್ಕಳಿಗೆ ಕಿವಿ ಮುಚ್ಚುವ ಇಯರ್‌ಮಫ್ ಹಾಕದೆ ಕರೆದುಕೊಂಡು ಹೋಗಲೇಬೇಡಿ. ಅವರಿಗೆ ಕಿವಿ ನೋವು ಅಂತ ಹೇಳಲೂ ಬರುವುದಿಲ್ಲ.

ಆ ದಿನ

ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ಒಳಗಿರಿ. ಶುರುವಾಗುವ ಮುನ್ನ ಕೊನೆಯ 20 ನಿಮಿಷದಲ್ಲಿ ತಪಾಸಣೆ ಸಾಲು ತುಂಬ ಉದ್ದವಾಗುತ್ತದೆ. ಟಿಕೆಟ್ ಮೇಲೆ ಗೇಟ್ ನಂಬರ್ ಇದ್ದರೆ ಆ ಗೇಟಿಗೇ ಹೋಗಿ. ಹೊರಗೆ ಹೋಗಿ ಮತ್ತೆ ಒಳಗೆ ಬರಲು ಹೆಚ್ಚಿನ ಕಡೆ ಬಿಡುವುದಿಲ್ಲ.

ಸೀಟಿಗೆ ಹೋದ ಮೇಲೆ ಒಂದು ನಿಮಿಷ ನಿಂತು ಸುತ್ತ ನೋಡಿ. ಹತ್ತಿರದ ಎರಡು ಹೊರದಾರಿ ಎಲ್ಲಿವೆ? ಬಂದ ದಾರಿಯೇ ಹತ್ತಿರ ಅಂತೇನಿಲ್ಲ. ಮಕ್ಕಳಿದ್ದರೆ ಅವರಿಗೂ ಅದನ್ನು ತೋರಿಸಿ. ನಿಮ್ಮ ಸೆಕ್ಷನ್ ನಂಬರನ್ನು, ನಿಮ್ಮ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಅವರ ಜೇಬಿಗೆ ಹಾಕಿ. ಶೌಚಾಲಯಕ್ಕೆ ವಿರಾಮದಲ್ಲಿ ಹೋಗಬೇಡಿ, ಆಟ ನಡೆಯುವಾಗಲೇ ಹೋಗಿಬನ್ನಿ.

ಹೊರಗೆ ಬರುವಾಗ

ಮೊದಲೇ ರೈಲು ನೋಡಿಕೊಂಡಿದ್ದರೆ ಓಡುವ ಅಗತ್ಯವೇ ಇಲ್ಲ. ದೀಪ ಹತ್ತಿದ ಮೇಲೆ ಹತ್ತು ಹದಿನೈದು ನಿಮಿಷ ಸೀಟಿನಲ್ಲೇ ಕೂತಿರಿ. ಮೆಟ್ಟಿಲ ಮೇಲಿನ ನೂಕಾಟ ಅಷ್ಟರಲ್ಲಿ ಕರಗುತ್ತದೆ. ಆಮೇಲೆ ಜನ ಕಡಿಮೆ ಇರುವ ಬದಿಯಿಂದ ಇಳಿಯಿರಿ. ಟ್ಯಾಕ್ಸಿ ಬೇಕಿದ್ದರೆ ಅರೀನಾದ ಬಾಗಿಲಿಗೆ ಕರೆಯಬೇಡಿ. ನಾಲ್ಕೈದು ಬೀದಿ ಆಚೆ ನಡೆದು, ಬೆಳಕಿರುವ ಕಡೆ ನಿಂತು ಕರೆಯಿರಿ. ಜೊತೆಗಾರರು ಬೇರೆ ಸೆಕ್ಷನ್‌ನಲ್ಲಿದ್ದರೆ ಸೇರುವ ಜಾಗವನ್ನು ಒಳಗೆ ಹೋಗುವ ಮುಂಚೆಯೇ ಗೊತ್ತು ಮಾಡಿಕೊಂಡಿರಿ. ಗೇಟಿನ ಮುಂದೆ ಮಾತ್ರ ಬೇಡ, ಆ ಹೊತ್ತಿಗೆ ಅಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ರಸ್ತೆಯ ಆಚೆ ಬದಿಯ ಯಾವುದಾದರೂ ಒಂದು ಮೂಲೆ ಸಾಕು.