ಸಂಗೀತ ಕಾರ್ಯಕ್ರಮದ ಚಿತ್ರೀಕರಣಕ್ಕೆ ಎಂಥ ವಿಡಿಯೊ ಕ್ಯಾಮೆರಾ?

ಕ್ಯಾಮೆರಾ ಕೊಳ್ಳಲು ಹೊರಟವರು ಮೊದಲು ಕೇಳುವುದು 4ಕೆ ಇದೆಯೇ ಎಂದು. ಸಂಗೀತಕ್ಕಾದರೆ ಮೊದಲು ಕ್ಯಾಮೆರಾದ ಮಗ್ಗುಲು ನೋಡಿ: ಹೊರಗಿನ ಮೈಕ್ ಸಿಕ್ಕಿಸಲು ಜಾಗ ಇದೆಯೇ, ಹೆಡ್‌ಫೋನ್‌ಗೆ ಇದೆಯೇ? ಎರಡೂ ಇಲ್ಲದಿದ್ದರೆ ಚಿತ್ರ ಎಷ್ಟೇ ಚೆಂದವಿರಲಿ, ಬೇಡ. ಚಿತ್ರ ತುಸು ಮಸುಕಾದರೆ ನೋಡುವವರು ಸಹಿಸುತ್ತಾರೆ, ಒಡೆದ ಧ್ವನಿಯನ್ನು ಸಹಿಸುವುದಿಲ್ಲ.

ಎರಡನೆಯ ಪ್ರಶ್ನೆ, ಧ್ವನಿಯ ಮಟ್ಟವನ್ನು ಕೈಯಾರೆ ಹೊಂದಿಸಬಹುದೇ? ಧ್ವನಿಯ ಮಟ್ಟವನ್ನು ಕ್ಯಾಮೆರಾವೇ ಏರಿಸಿ ಇಳಿಸುವ ಆಟೊ ಗೇನ್ ಮಾತಿಗೆ ಸರಿ, ಸಂಗೀತಕ್ಕೆ ಶತ್ರು. ಮೆಲುದನಿಯ ಜಾಗದಲ್ಲಿ ಅದು ತಾನಾಗಿ ಏರಿ ಫ್ಯಾನಿನ ಸದ್ದು, ಕೆಮ್ಮು ಎಲ್ಲವನ್ನೂ ಎತ್ತಿ ತರುತ್ತದೆ. ಡ್ರಮ್ ಬಡಿದ ಕೂಡಲೇ ಇಡೀ ಹಾಡನ್ನು ಅದುಮುತ್ತದೆ. ಈ ಏರಿಳಿತವನ್ನು ಎಡಿಟಿಂಗ್‌ನಲ್ಲಿ ಪೂರ್ತಿ ಸರಿಪಡಿಸಲಾಗದು. ಮ್ಯಾನ್ಯುಯಲ್‌ನಲ್ಲಿಟ್ಟು, ಸೌಂಡ್ ಚೆಕ್ ವೇಳೆ ಅತಿ ಜೋರಿನ ಭಾಗ ಮೀಟರ್‌ನಲ್ಲಿ ಮೈನಸ್ 12 ಡೆಸಿಬೆಲ್ ಮುಟ್ಟುವಂತೆ ಹೊಂದಿಸಿ (ಸೊನ್ನೆ ದಾಟಿದರೆ ಧ್ವನಿ ಒಡೆಯುತ್ತದೆ). ನಿಜವಾದ ಕಾರ್ಯಕ್ರಮದಲ್ಲಿ ಎಲ್ಲರೂ ಇನ್ನಷ್ಟು ಜೋರಾಗಿಯೇ ನುಡಿಸುತ್ತಾರೆ. ಮಟ್ಟ ಇಳಿಸಿದರೂ ಧ್ವನಿ ಒಡೆದೇ ಬಂದರೆ ತೊಂದರೆ ಅದಕ್ಕೂ ಮುಂಚೆಯೇ, ಮೈಕ್‌ನಲ್ಲೋ, ಅದರ ಸಣ್ಣ ಸಿಗ್ನಲ್ ಹಿಗ್ಗಿಸುವ ಪ್ರಿಆಂಪ್‌ನಲ್ಲೋ ಇದೆ. ಪ್ರಿಆಂಪ್ ಆದರೆ ನಡುವೆ ಸಿಗ್ನಲ್ ತಗ್ಗಿಸುವ 20 ಡೆಸಿಬೆಲ್ ಪ್ಯಾಡ್ ಹಾಕಿದರೆ ಸಾಕು. ಮೈಕೇ ಸೋತಿದ್ದರೆ ಅದನ್ನು ಸ್ಪೀಕರ್‌ನಿಂದ ದೂರ ಸರಿಸಬೇಕು.

ಮಿಕ್ಸರ್‌ನಿಂದ ನೇರವಾಗಿ ಧ್ವನಿ ತೆಗೆದುಕೊಳ್ಳುವ ಯೋಚನೆ ಇದ್ದರೆ ಎಕ್ಸ್‌ಎಲ್‌ಆರ್ (ಮೂರು ಪಿನ್‌ನ ವೃತ್ತಿಪರ ಆಡಿಯೊ ಕನೆಕ್ಟರ್) ಇನ್‌ಪುಟ್ ಇರುವ, ಲೈನ್–ಮೈಕ್ ಸ್ವಿಚ್ ಇರುವ ಕ್ಯಾಮ್‌ಕಾರ್ಡರ್ ಒಳ್ಳೆಯದು. 3.5 ಮಿಮೀ ಮೈಕ್ ಜ್ಯಾಕ್‌ಗೆ ಮಿಕ್ಸರ್‌ನ ಲೈನ್ ಸಿಗ್ನಲ್ (ಮೈಕ್‌ಗಿಂತ ಬಹಳ ಬಲವಾದದ್ದು) ನೇರ ಕೊಟ್ಟರೆ ಧ್ವನಿ ಒಡೆಯುತ್ತದೆ. ಮಿಕ್ಸರ್ ಒಂದನ್ನೇ ನಂಬಬೇಡಿ: ಸಣ್ಣ ಸಭಾಂಗಣದಲ್ಲಿ ಡ್ರಮ್ ತನ್ನ ಸ್ವಂತ ಬಲದಿಂದಲೇ ಕೇಳುವುದರಿಂದ ಅನೇಕ ವೇಳೆ ಅದನ್ನು ಮಿಕ್ಸರ್‌ಗೆ ಕೊಟ್ಟಿರುವುದೇ ಇಲ್ಲ, ಗಾಯನವಷ್ಟೇ ದಪ್ಪಗೆ ಬರುತ್ತದೆ. ಒಂದು ಚಾನೆಲ್‌ಗೆ ಮಿಕ್ಸರ್, ಇನ್ನೊಂದಕ್ಕೆ ಸಭಾಂಗಣದ ಮೈಕ್ ಕೊಡಿ. ವೇದಿಕೆಯಿಂದ 17 ಮೀಟರ್ ದೂರದ ಮೈಕ್‌ಗೆ ಶಬ್ದ ಸುಮಾರು 50 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಎಂದರೆ ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್‌ಗಿಂತ ಹೆಚ್ಚು. ಎರಡನ್ನೂ ಬೆರೆಸುವ ಮುನ್ನ ಈ ಮೈಕ್‌ನ ಧ್ವನಿಯನ್ನು ಅಷ್ಟು ಮುಂಚೆ ಬರುವಂತೆ ಸರಿಸದಿದ್ದರೆ ಪ್ರತಿಧ್ವನಿ ಕೇಳುತ್ತದೆ.

ಬೆಳಕಿನ ವಿಷಯದಲ್ಲಿ ಒಂದು ಬೇಕೆಂದರೆ ಇನ್ನೊಂದನ್ನು ಬಿಡಬೇಕು. ಸೆನ್ಸರ್ (ಬೆಳಕು ಹಿಡಿಯುವ ಚಿಪ್) ದೊಡ್ಡದಾದಷ್ಟೂ ಮಂದ ಬೆಳಕಿನಲ್ಲಿ ಚಿತ್ರ ಸ್ವಚ್ಛ, ಆದರೆ ದೂರ ಎಳೆಯುವ ಲೆನ್ಸ್ ಭಾರ, ದುಬಾರಿ. ಇಡೀ ಕಾರ್ಯಕ್ರಮವನ್ನು ಹಿಂದಿನ ಸಾಲಿನಿಂದ ಚಿತ್ರಿಸುವವರಿಗೆ 1 ಇಂಚು ಸೆನ್ಸರ್, 10 ಪಟ್ಟಿಗೂ ಹೆಚ್ಚು ಆಪ್ಟಿಕಲ್ ಝೂಮ್ ಇರುವ ಕ್ಯಾಮ್‌ಕಾರ್ಡರೇ ಸೂಕ್ತ ಎಂಬುದು ನಮ್ಮ ಅಭಿಪ್ರಾಯ. ಡಿಜಿಟಲ್ ಝೂಮ್ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಝೂಮ್ ಮಾಡಿದಾಗ ಎಫ್/2.8 ಇದ್ದದ್ದು ಎಫ್/4.5ಕ್ಕೆ ಇಳಿದು (ಅಂಕಿ ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ) ಚಿತ್ರ ಕಪ್ಪಾಗುವ ಲೆನ್ಸ್‌ಗಳಿವೆ. ಝೂಮ್‌ನ ಎರಡೂ ತುದಿಯ ಎಫ್ ಅಂಕಿ ಕೇಳಿ. ಶಟರ್, ಐರಿಸ್ (ಬೆಳಕು ಒಳಬಿಡುವ ಕಿಂಡಿ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ), ಫೋಕಸ್ ನಾಲ್ಕೂ ಮ್ಯಾನ್ಯುಯಲ್ ಆಗಬೇಕು. ಕಪ್ಪು ಹಿನ್ನೆಲೆ ಕಂಡರೆ ಆಟೊ ಎಕ್ಸ್‌ಪೋಶರ್ ಬೆಳಕು ಏರಿಸಿ ಹಾಡುಗಾರರ ಮುಖ ಬಿಳಿ ಕಾಗದವಾಗಿಬಿಡುತ್ತದೆ. ಎಲ್‌ಇಡಿ ದೀಪಗಳಿಂದ ಚಿತ್ರದಲ್ಲಿ ಪಟ್ಟೆ ಓಡಿದರೆ ಶಟರ್ ವೇಗವನ್ನು ಸಣ್ಣ ಹೆಜ್ಜೆಗಳಲ್ಲಿ ಬದಲಿಸುವ ಸೌಲಭ್ಯ ಕಾಪಾಡುತ್ತದೆ.

ಸ್ಟಿಲ್ ಕ್ಯಾಮೆರಾವನ್ನೇ ವಿಡಿಯೊಗೆ ಬಳಸುವವರು ಒಂದು ಮಿತಿ ಪರೀಕ್ಷಿಸಿಕೊಳ್ಳಲಿ. ಹಳೆಯ ಹಲವು ಮಾದರಿಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ. ಹೊಸ ಸಣ್ಣ ಕ್ಯಾಮೆರಾಗಳಲ್ಲಿ ಕೆಲವು 4ಕೆ ಚಿತ್ರೀಕರಣದಲ್ಲಿ ಬಿಸಿಯಾಗಿ ನಿಲ್ಲುವುದುಂಟು. ಚಿತ್ರೀಕರಿಸುತ್ತಲೇ ಹೊರಗಿನಿಂದ ವಿದ್ಯುತ್ ಪಡೆಯಲು ಆಗುತ್ತದೆಯೇ ಎಂಬುದೂ ಮುಖ್ಯ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಗಂಟೆಗೆ ಸುಮಾರು 45 ಜಿಬಿ ಬೇಕು. ಎರಡು ಗಂಟೆಯ ಕಾರ್ಯಕ್ರಮಕ್ಕೆ 128 ಜಿಬಿಯ ವಿ30 (ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯಬಲ್ಲ) ಕಾರ್ಡ್ ಸಾಕು. ಎರಡು ಕಾರ್ಡ್‌ಗೆ ಒಟ್ಟಿಗೇ ದಾಖಲಿಸುವಂತಿದ್ದರೆ ಇನ್ನೂ ಲೇಸು.

ಹಣ ಕೊಡುವ ಮುನ್ನ ಅಂಗಡಿಯಲ್ಲೇ ಹೆಡ್‌ಫೋನ್ ಹಾಕಿ, ಮೈಕ್ ಸಿಕ್ಕಿಸಿ ಮೌನವನ್ನೇ ಒಂದು ನಿಮಿಷ ದಾಖಲಿಸಿ. ಆಮೇಲೆ ವಾಲ್ಯೂಮ್ ಏರಿಸಿ ಕೇಳಿದರೆ ಪ್ರಿಆಂಪ್‌ನ ಸುಯ್ಯೆನ್ನುವ ಗದ್ದಲ ಎಷ್ಟಿದೆ ಎಂಬುದು ಗೊತ್ತಾಗುತ್ತದೆ. ಉದ್ದದ ಚಿತ್ರೀಕರಣವನ್ನು ಹಲವು ಕ್ಯಾಮೆರಾಗಳು ತುಂಡು ಫೈಲ್‌ಗಳಾಗಿ ಉಳಿಸುತ್ತವೆ. ಬಳಿಕ ಫೈಲ್ ಎರಡಾಗಿ ಒಡೆಯುವಷ್ಟು ಹೊತ್ತು ಚಿತ್ರೀಕರಿಸಿ, ಎಡಿಟಿಂಗ್‌ನಲ್ಲಿ ಆ ಜೋಡಣೆಯನ್ನು ಕೇಳಿ. ಅಲ್ಲಿ ತಾಳ ತಪ್ಪುವಷ್ಟು ಫ್ರೇಮ್‌ಗಳು ಕಳೆದುಹೋಗಿದ್ದರೆ ಬೇರೆ ಕ್ಯಾಮೆರಾ ನೋಡಿ.