ಒಂದೇ ಪ್ರನಾಳದಲ್ಲಿ ಆಮ್ಲವೂ ಪ್ರತ್ಯಾಮ್ಲವೂ

ಉಭಯಧರ್ಮಿ (ಆಮ್ಲದಲ್ಲೂ ಕ್ಷಾರದಲ್ಲೂ ಕರಗುವ) ಹೈಡ್ರಾಕ್ಸೈಡ್‌ಗಳನ್ನು ತೋರಿಸಲು ಪ್ರಕ್ಷೇಪವನ್ನು (ದ್ರಾವಣದಲ್ಲಿ ಕರಗದೆ ಬೇರ್ಪಡುವ ಘನವನ್ನು) ಎರಡು ಪ್ರನಾಳಗಳಿಗೆ ಹಂಚಿ, ಒಂದಕ್ಕೆ ಆಮ್ಲ, ಇನ್ನೊಂದಕ್ಕೆ ಕ್ಷಾರ ಹಾಕುವುದು ರೂಢಿ. ನಾನು ಒಂದೇ ಪ್ರನಾಳದಲ್ಲಿ ಹೋಗಿ, ಬಂದ ದಾರಿಯಲ್ಲೇ ಹಿಂತಿರುಗುತ್ತೇನೆ.

ಅಲ್ಯೂಮಿನಿಯಂ ಸಲ್ಫೇಟಿನ ದುರ್ಬಲ ದ್ರಾವಣಕ್ಕೆ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಡುತ್ತೇನೆ. ಸೋಡಿಯಂ ಹೈಡ್ರಾಕ್ಸೈಡ್ ಹೊಸದಾಗಿ ಕರಗಿಸಿದ್ದಾಗಿರಬೇಕು. ಹಳೆಯದು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಶಕ್ತಿ ಕಳೆದುಕೊಂಡಿರುತ್ತದೆ. ಪ್ರತಿ ಹನಿಯ ನಂತರ ಪ್ರನಾಳವನ್ನು ಅಲುಗಾಡಿಸುತ್ತೇನೆ. ಮೊದಲು ಲೋಳೆಯಂಥ ಬಿಳಿ ಪ್ರಕ್ಷೇಪ ತುಂಬಿಕೊಳ್ಳುತ್ತದೆ. ಹನಿ ಮುಂದುವರಿಸಿದರೆ ಅದು ತೆಳ್ಳಗಾಗಿ, ದ್ರಾವಣ ಮತ್ತೆ ತಿಳಿಯಾಗುತ್ತದೆ. ಈಗ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಸರದಿ: ಬಿಳಿ ಮರಳಿ ಬರುತ್ತದೆ, ಇನ್ನಷ್ಟು ಆಮ್ಲ ಬಿದ್ದಾಗ ಮತ್ತೆ ಮಾಯವಾಗುತ್ತದೆ. ಪ್ರಕ್ಷೇಪವನ್ನು ಬಹಳ ಹೊತ್ತು ಬಿಟ್ಟರೆ ಅದು ಗಟ್ಟಿಯಾಗಿ ಕರಗಲು ಸತಾಯಿಸುತ್ತದೆ, ಹಾಗಾಗಿ ನಡುವೆ ಮಾತು ಬೆಳೆಸುವುದಿಲ್ಲ.

ಮಾತು ಬೇಕಾಗುವುದು ಆಮೇಲೆ. ಈ ಹೈಡ್ರಾಕ್ಸೈಡಿಗೆ ಎರಡು ಮುಖಗಳಿವೆ ಎಂಬ ವಿವರಣೆ ನನಗೆ ಹಿಡಿಸುವುದಿಲ್ಲ. ನಡೆಯುವುದು ಒಂದೇ ಕೆಲಸ, ಪ್ರೋಟಾನುಗಳ, ಅಂದರೆ ಹೈಡ್ರೋಜನ್ ಅಯಾನುಗಳ, ಕೊಡುಕೊಳ್ಳುವಿಕೆ. ನೀರಿನಲ್ಲಿ ಅಲ್ಯೂಮಿನಿಯಂ ಅಯಾನಿನ ಸುತ್ತ ಆರು ನೀರಿನ ಅಣುಗಳು ಅಂಟಿಕೊಂಡಿರುತ್ತವೆ, ಒಟ್ಟು ಧನ ಆವೇಶ ಮೂರು. ಕ್ಷಾರವು ಆ ನೀರಿನ ಅಣುಗಳಿಂದ ಒಂದೊಂದೇ ಪ್ರೋಟಾನನ್ನು ಕಸಿಯುತ್ತದೆ. ಮೂರು ಹೋದಾಗ ಆವೇಶ ಸೊನ್ನೆ. ಆವೇಶವಿಲ್ಲದ ಕಣಗಳು ಒಂದನ್ನೊಂದು ದೂಡುವುದಿಲ್ಲ, ಒಟ್ಟುಗೂಡಿ ಪ್ರಕ್ಷೇಪವಾಗುತ್ತವೆ. ಇನ್ನೂ ಒಂದು ಪ್ರೋಟಾನ್ ಹೋದರೆ ಋಣ ಆವೇಶ ಬಂದು, ಅಲ್ಯೂಮಿನೇಟ್ ಎಂಬ ಋಣ ಅಯಾನಾಗಿ ನೀರಿನಲ್ಲಿ ಕರಗುತ್ತದೆ. ಆಮ್ಲ ಹಾಕಿದಾಗ ಪ್ರೋಟಾನುಗಳು ಅದೇ ಮೆಟ್ಟಿಲುಗಳನ್ನು ಹಿಂದಕ್ಕೆ ಏರುತ್ತವೆ. ಒಂದೇ ಪ್ರನಾಳಕ್ಕೆ ನಾನು ಅಂಟಿಕೊಂಡಿರುವುದು ಇದಕ್ಕಾಗಿಯೇ: ಬಿಳಿ ಬಣ್ಣ ಕಾಣಿಸುವುದು ನಡುವಿನ ಮೆಟ್ಟಿಲಿನಲ್ಲಿ ಮಾತ್ರ.

ಆಮ್ಲದಲ್ಲಿ ಕರಗಿದ್ದು ದೊಡ್ಡ ಸುದ್ದಿಯಲ್ಲ, ಸಾಮಾನ್ಯ ಲೋಹ ಹೈಡ್ರಾಕ್ಸೈಡ್‌ಗಳೂ ಕರಗುತ್ತವೆ. ನಿಜವಾದ ಪರೀಕ್ಷೆ ಕ್ಷಾರದ್ದು. ಅದಕ್ಕೆಂದೇ ಪಕ್ಕದಲ್ಲಿ ಮೆಗ್ನೀಸಿಯಂ ಲವಣದ ಪ್ರನಾಳವೊಂದನ್ನು ಇಟ್ಟಿರುತ್ತೇನೆ. ಅದರ ಬಿಳಿ ಪ್ರಕ್ಷೇಪ ಎಷ್ಟು ಕ್ಷಾರ ಸುರಿದರೂ ಅಲ್ಲಾಡುವುದಿಲ್ಲ. ದ್ರಾವಣ ತೆಳುವಾದದ್ದರಿಂದಲೇ ಅಲ್ಯೂಮಿನಿಯಂ ಪ್ರಕ್ಷೇಪ ಕರಗಿತೇನೋ ಎಂಬ ಅನುಮಾನಕ್ಕೆ ಅಲ್ಲೇ ಉತ್ತರ ಸಿಗುತ್ತದೆ.

ಸತುವಿನ ಹೈಡ್ರಾಕ್ಸೈಡೂ ಇದೇ ಆಟ ಆಡುತ್ತದೆ. ಕಣ್ಣಿಗೆ ಎರಡೂ ಒಂದೇ. ಬೇರ್ಪಡಿಸಲು ಅಮೋನಿಯಾ ದ್ರಾವಣ ಸಾಕು. ಹೆಚ್ಚು ಹಾಕಿದರೆ ಸತುವಿನದು ಕರಗುತ್ತದೆ, ಅಲ್ಯೂಮಿನಿಯಂನದು ಉಳಿಯುತ್ತದೆ. ಇಲ್ಲಿ ಕಾರಣ ಬೇರೆ: ಅಮೋನಿಯಾ ಅಣುಗಳೇ ಸತುವನ್ನು ಸುತ್ತುವರಿದು ಸಂಕೀರ್ಣ ಅಯಾನನ್ನು ಕಟ್ಟುತ್ತವೆ, ಇದನ್ನು ಆಮ್ಲಗುಣದ ಲೆಕ್ಕಕ್ಕೆ ಸೇರಿಸಬಾರದು. ಅಲ್ಯೂಮಿನಿಯಂ ಪ್ರಕ್ಷೇಪದಿಂದ ಕೊನೆಯ ಪ್ರೋಟಾನನ್ನು ಕಸಿಯುವಷ್ಟು ಬಲ ಅಮೋನಿಯಾಕ್ಕಿಲ್ಲ.

ಕಬ್ಬಿಣ ಬೆರೆತ ಮಾದರಿಯಿದ್ದರೆ ಕೆಲಸ ಇನ್ನೂ ಚೆಂದ. ಹೆಚ್ಚುವರಿ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಫೆರಿಕ್ ಹೈಡ್ರಾಕ್ಸೈಡ್ ಕಂದು ಬಣ್ಣದಲ್ಲಿ ಹಾಗೆಯೇ ಕುಳಿತಿರುತ್ತದೆ. ಅಲ್ಯೂಮಿನಿಯಂ ಸೋಸುಕಾಗದ ದಾಟಿ ಕೆಳಗಿಳಿಯುತ್ತದೆ. ಕಾರ್ಲ್ ಜೋಸೆಫ್ ಬೇಯರ್ ರೂಪಿಸಿದ ವಿಧಾನದಲ್ಲಿ ಅಲ್ಯೂಮಿನಿಯಂನ ಅದಿರಾದ ಬಾಕ್ಸೈಟಿನಿಂದ ಕಬ್ಬಿಣವನ್ನು ಬಿಡಿಸುವುದೂ ಹೀಗೆಯೇ, ಬಿಸಿ ಕ್ಷಾರದಲ್ಲಿ, ಒತ್ತಡದಡಿ.